400 ಕೆಜಿ ಕಾಫಿ ಹಣ್ಣಿನ ಹನಿ (honey) ಲಾಟ್ 78.5 ಅಂಕಕ್ಕೆ ನಿಂತಿದೆ. ತಪ್ಪು ಕಣದ್ದೋ, ಪಲ್ಪರ್‌ದೋ?

ಮೂಡಿಗೆರೆ ಇಬ್ಬನಿ
ಎಲ್ಲರಿಗೂ ನಮಸ್ಕಾರ. ವಿವರ ಮೊದಲೇ ಹಾಕ್ತೀನಿ, ಆಮೇಲೆ ಒಂದೊಂದೇ ಕೇಳೋದು ಬೇಡ.

ಅರೇಬಿಕಾ 5 ಎಕರೆ, ಸುಮಾರು 3,400 ಅಡಿ ಎತ್ತರ. ಮುಕ್ಕಾಲು ಪಾಲು 795 ತಳಿ, ಉಳಿದದ್ದು ಚಂದ್ರಗಿರಿ ತಳಿ. ಡಿಸೆಂಬರ್ ಎರಡನೇ ವಾರದ ಕೊಯ್ಲಿನಲ್ಲಿ 400 ಕೆಜಿ ಹಣ್ಣು ಬೇರೆ ಇಟ್ಟು ಹನಿ ಮಾಡಿದ್ದು. 1 ಎಚ್‌ಪಿ ಡಿಸ್ಕ್ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ). ಸಿಮೆಂಟ್ ಕಣದ ಮೇಲೆ ಟಾರ್ಪಾಲ್, ಎರಡು ಇಂಚು ದಪ್ಪ, ಏಳು ದಿನಕ್ಕೆ ಎತ್ತಿದ್ದು. ತೇವಾಂಶ 12.4. ಕಪ್ಪಿಂಗ್ (ರುಚಿ ಪರೀಕ್ಷೆ) ವರದಿ: 100ಕ್ಕೆ 78.5. "ಐದರಲ್ಲಿ ಎರಡು ಬಟ್ಟಲಲ್ಲಿ ವಿನೆಗರ್ ಹುಳಿ, ಉಳಿದವು ಸಿಹಿ, ಒಳ್ಳೆ ಬಾಡಿ, ಕೊನೆಗೆ ಸ್ವಲ್ಪ ಒಗರು."

ಪ್ರಶ್ನೆ ಮೂರು. ತಪ್ಪು ಎಲ್ಲಿ? ಕೊಳ್ಳೋರು "ಅನ್‌ಏರೋಬಿಕ್ (ಗಾಳಿಯಾಡದ ಡ್ರಮ್‌ನಲ್ಲಿ ಹುದುಗಿಸೋದು) ಮಾಡಿ, 85 ಬರುತ್ತೆ" ಅಂತಿದ್ದಾರೆ, ಮಾಡೋದಾ? ಇಷ್ಟು ಸಣ್ಣ ಲಾಟ್‌ಗೆ ಈ ಒದ್ದಾಟ ಗಿಟ್ಟುತ್ತಾ?

ಕಣದ ಕಾವಲು
ಎರಡು ಇಂಚಾ? ಹನಿಗಾ? ಮಾರಾಯ್ರೇ, ಅದು ಒಣಗಿಸಿದ್ದಲ್ಲ, ಹುದುಗು ಹಾಕಿದ್ದು.

ಬೆಂಗಳೂರು ಫಿಲ್ಟರ್
ತಪ್ಪು ತಿಳೀಬೇಡಿ, ಹನಿ ಅಂದ್ರೆ ಕಾಫಿಗೆ ಜೇನು ಬೆರೆಸ್ತೀರಾ?

ಸಕಲೇಶಪುರ 795
ಇಲ್ಲ ಸಾರ್. ಸಿಪ್ಪೆ ತೆಗೆದು, ಬೀಜದ ಮೇಲಿನ ಲೋಳೆ ತೊಳೆಯದೆ ಹಾಗೇ ಒಣಗಿಸೋದು. ಅಂಟಂಟು ಇರುತ್ತಲ್ಲ, ಅದಕ್ಕೆ ಆ ಹೆಸರು. ಜೇನಿಗೂ ಇದಕ್ಕೂ ಸಂಬಂಧ ಇಲ್ಲ, ಜೇನುನೊಣ ಮಾತ್ರ ಬರ್ತಾವೆ.

ಇಬ್ಬನಿಯವರೇ, ಹಣ್ಣು ಕಿತ್ತದ್ದು ಎಷ್ಟು ಗಂಟೆಗೆ, ಪಲ್ಪ್ ಮಾಡಿದ್ದು ಎಷ್ಟು ಗಂಟೆಗೆ? ನಡುವೆ ಹಣ್ಣು ಯಾವುದರಲ್ಲಿತ್ತು?

ಮೂಡಿಗೆರೆ ಇಬ್ಬನಿ
ಕೊಯ್ಲು 8ರಿಂದ ನಾಲ್ಕೂವರೆ. ಪಲ್ಪಿಂಗ್ ಶುರು ಆಗಿದ್ದು ರಾತ್ರಿ 9ಕ್ಕೆ, ಕರೆಂಟ್ ಇರ್ಲಿಲ್ಲ. ಅಲ್ಲೀತನಕ ಗೋಣಿಚೀಲದಲ್ಲಿ, ಬಾಯಿ ಕಟ್ಟಿ.

ಸಕಲೇಶಪುರ 795
ಹಾಗಾದ್ರೆ ಬೆಳಿಗ್ಗೆ ಕಿತ್ತ ಹಣ್ಣು 13 ಗಂಟೆ ಚೀಲದಲ್ಲಿ ಬೆಂದಿದೆ. ಚೀಲದ ನಡುವೆ ಕೈ ಹಾಕಿ ನೋಡಿದ್ರೆ ಬೆಚ್ಚಗೆ ಇರ್ತಿತ್ತು. ಕರೆಂಟ್ ನಿಮ್ಮ ಕೈಲಿಲ್ಲ ನಿಜ, ಆದ್ರೆ ಚೀಲ ಬಿಚ್ಚಿ ನೆರಳಲ್ಲಿ ನೆಲದ ಮೇಲೆ ಅರ್ಧ ಅಡಿಗಿಂತ ತೆಳ್ಳಗೆ ಹರವೋದು ನಮ್ಮ ಕೈಲೇ ಇದೆ. ತಣ್ಣೀರಲ್ಲಿ ಮುಳುಗಿಸಿಟ್ಟರೂ ಬಿಸಿ ಏರಲ್ಲ. ಪ್ಲಾಸ್ಟಿಕ್ ಚೀಲ ಆಗಿದ್ರಂತೂ ಕಥೆ ಮುಗೀತು. ಕಿತ್ತ 8 ಗಂಟೆ ಒಳಗೆ ಪಲ್ಪ್ ಆಗ್ಬೇಕು. ಆಗಲ್ಲ ಅನ್ನೋ ದಿನ ಆ ಹಣ್ಣನ್ನ ಸ್ಪೆಷಾಲಿಟಿ (ಮೇಲ್ದರ್ಜೆ) ಲಾಟ್‌ಗೆ ಸೇರಿಸ್ಬೇಡಿ, ಮಾಮೂಲಿ ಚೆರ್ರಿಗೆ (ಹಣ್ಣನ್ನ ಇಡಿಯಾಗಿ ಒಣಗಿಸೋ ಕಾಫಿ) ಹಾಕಿ.

ಕಪ್ಪಿಂಗ್ ಚಮಚ
ಎಲ್ಲರೂ 78.5 ಅನ್ನೋ ಅಂಕ ನೋಡ್ತಿದ್ದೀರಿ, ನಾನು "ಐದರಲ್ಲಿ ಎರಡು" ಅನ್ನೋದನ್ನ ನೋಡ್ತೀನಿ. ಹಳೇ 100 ಅಂಕದ ಫಾರ್ಮ್‌ನಲ್ಲಿ (ಹೊಸ ಮೌಲ್ಯಮಾಪನ ಪದ್ಧತಿ ಬಂದಿದ್ರೂ ಬಹಳ ಕಡೆ ಇನ್ನೂ ಇದೇ ನಡೀತಿದೆ) ಒಂದು ಮಾದರಿಗೆ ಐದು ಬಟ್ಟಲು ಇಡ್ತಾರೆ. ಒಂದು ಬಟ್ಟಲು ಬೇರೆ ಥರ ಬಂದ್ರೆ ಯೂನಿಫಾರ್ಮಿಟಿಯಲ್ಲಿ 2 ಅಂಕ ಹೋಗುತ್ತೆ, ಕೆಟ್ಟಿದ್ರೆ ಕ್ಲೀನ್ ಕಪ್‌ನಲ್ಲಿ ಇನ್ನೂ 2. ಎರಡು ಬಟ್ಟಲು ಅಂದ್ರೆ 8 ಅಂಕ ಅಲ್ಲೇ ಕಳಕೊಂಡ್ರಿ. ಅಂದ್ರೆ ಉಳಿದ ಕಾಫಿ 86ರ ಹತ್ತಿರದ್ದು!

ಒಂದು ಬಟ್ಟಲಿಗೆ ಹಾಕೋದು 150 ಮಿಲಿಗೆ 8.25 ಗ್ರಾಂ. ಸುಮಾರು 60 ಬೀಜ. ಅದರಲ್ಲಿ ಒಂದೇ ಒಂದು ಕೊಳೆತ ಬೀಜ ಇದ್ರೆ ಆ ಬಟ್ಟಲು ಹೋಯ್ತು. ಹಾಗಾಗಿ ನಿಮ್ಮದು ಇಡೀ ಲಾಟ್ ಕೆಟ್ಟ ಕಾಫಿ ಅಲ್ಲ, ಒಳ್ಳೇ ಕಾಫಿ ಜೊತೆ ಅಲ್ಲೊಂದು ಇಲ್ಲೊಂದು ಕೆಟ್ಟ ಬೀಜ ಸೇರಿರೋದು. ಎರಡಕ್ಕೂ ಔಷಧ ಬೇರೆ. ಡ್ರಮ್ ಹಾಕಿದ್ರೆ ಈ ಕೆಟ್ಟ ಬೀಜ ಮಾಯ ಆಗಲ್ಲ.

ಕೊನೆಯ ಒಗರು ಅರೆಹಣ್ಣಿಂದ. ಅದು ಬೇರೆ ವಿಷಯ.

ಕಣದ ಕಾವಲು
ಚಮಚದವರು ಹೇಳಿದ್ದು ಸರಿ. ಆದ್ರೂ ಎರಡು ಇಂಚು ಕ್ಷಮಿಸೋಕೆ ಆಗಲ್ಲ. ದಪ್ಪ ಹಾಸಿದಾಗ ಮೇಲಿನದು ಒಣಗುತ್ತೆ, ಟಾರ್ಪಾಲ್‌ಗೆ ಅಂಟಿದ್ದು ಬೆವರುತ್ತೆ. ಲೋಳೆ ಅಂಟಿ ನಾಲ್ಕೈದು ಬೀಜ ಉಂಡೆ ಕಟ್ಟುತ್ತೆ, ಉಂಡೆ ಒಳಗಿನದು ಮೂರನೇ ದಿನವೂ ಹಸಿ. ಅಲ್ಲೊಂದು ಇಲ್ಲೊಂದು ಕೆಡೋದು ಹೀಗೇ.

ಲೆಕ್ಕ ಹಾಕೋಣ. 400 ಕೆಜಿ ಹಣ್ಣು ಪಲ್ಪ್ ಆದ್ಮೇಲೆ ಲೋಳೆ ಸಮೇತ ಸುಮಾರು 220 ಕೆಜಿ ಸಿಗುತ್ತೆ. ಮೊದಲ ಮೂರು ದಿನ ಒಂದೂವರೆ ಸೆಂಟಿಮೀಟರ್‌ಗಿಂತ ದಪ್ಪ ಬೇಡ. ಅದಕ್ಕೆ 22 ಚದರ ಮೀಟರ್ ಬೇಕು, ಅಂದ್ರೆ 4 ಅಡಿ ಅಗಲ, 30 ಅಡಿ ಉದ್ದದ ಎರಡು ಬೆಡ್. ಅಗಲ 4 ಅಡಿ ದಾಟಿಸ್ಬೇಡಿ, ಎರಡೂ ಕಡೆಯಿಂದ ಕೈ ನಡುವಿಗೆ ಎಟುಕ್ಬೇಕು. ಎತ್ತರ ಸೊಂಟದಷ್ಟು. ಕಾಲಿಗೆ ಸಿಲ್ವರ್ ಓಕ್ ಕಡ್ಡಿ, ಅಡ್ಡಕ್ಕೆ ಅಡಿಕೆ ದಬ್ಬೆ, ಮೇಲೆ ಬಲೆ. ಬಲೆ ಜೋತು ಬೀಳದ ಹಾಗೆ ಒಂದೂವರೆ ಅಡಿಗೊಂದು ದಬ್ಬೆ ಕೊಡಿ, ಇಲ್ಲಾಂದ್ರೆ ಜೋತ ಜಾಗಕ್ಕೆಲ್ಲ ಕಾಫಿ ಜಾರಿ ಮತ್ತೆ ಎರಡು ಇಂಚೇ ಆಗುತ್ತೆ.

ಮೊದಲ ಎರಡು ದಿನ ಅರ್ಧ ಗಂಟೆಗೊಮ್ಮೆ ಕೈಯಾಡಿಸಿ, ಉಂಡೆ ಒಡೀರಿ. ಮಧ್ಯಾಹ್ನ 12ರಿಂದ 3ರವರೆಗೆ 50 ಪರ್ಸೆಂಟ್ ನೆರಳು ಬಲೆ ಎಳೀರಿ, ಬೀಜದ ಬಿಸಿ 40 ಡಿಗ್ರಿ ದಾಟಬಾರದು, ದಾಟಿದ್ರೆ ಪಾರ್ಚ್‌ಮೆಂಟ್ (ಬೀಜದ ಮೇಲಿನ ಗಟ್ಟಿ ಹೊಟ್ಟು) ಸೀಳುತ್ತೆ. ರಾತ್ರಿ ಇಬ್ಬನಿಗೆ ಮುಚ್ಚಲೇಬೇಕು, ಆದ್ರೆ ಮೊದಲ ಮೂರು ರಾತ್ರಿ ರಾಶಿ ಮಾಡ್ಬೇಡಿ. ದಬ್ಬೆನ ಕಮಾನಿನ ಥರ ಬಾಗಿಸಿ ಅದರ ಮೇಲೆ ಟಾರ್ಪಾಲ್, ಕಾಫಿಗೆ ತಾಗಬಾರದು, ಎರಡು ತುದಿ ತೆರೆದಿರಲಿ. ನಾಲ್ಕನೇ ದಿನದಿಂದ ಒಂದು ಇಂಚಿಗೆ ಏರಿಸಬಹುದು. ಒಟ್ಟು 12ರಿಂದ 15 ದಿನ. ಏಳು ದಿನಕ್ಕೆ ಒಣಗಿತು ಅಂದ್ರೆ ಹೊರಗೆ ಒಣಗಿದೆ, ಒಳಗೆ ಇಲ್ಲ. ನಿಮ್ಮ 12.4 ಅದೇ.

ಹಳೇ ರೈಟರ್
ಸಿಮೆಂಟ್ ಕಣದಲ್ಲೇ ನೂರು ವರ್ಷದಿಂದ ಒಣಗಿಸಿ ಪ್ಲಾಂಟೇಷನ್ ಎ (ತೊಳೆದ ಅರೇಬಿಕಾದ ಒಂದು ದರ್ಜೆ) ಕಳಿಸಿದ್ದಾರೆ. ಕಣಕ್ಕೆ ಬೈಬೇಡಿ.

ಕಣದ ಕಾವಲು
ಕಣಕ್ಕೆ ಬೈದಿಲ್ಲ ಸ್ವಾಮಿ. ತೊಳೆದ ಪಾರ್ಚ್‌ಮೆಂಟ್‌ಗೆ (ಲೋಳೆ ಹೋಗಿ ಹೊಟ್ಟು ಮಾತ್ರ ಇರೋ ಬೀಜ) ಕಣ ಸಾಕು, ಸಾಲು ಎಳೆದು ಗೋರಿದ್ರೆ ಆಯ್ತು. ಲೋಳೆ ಇರೋದಕ್ಕೆ ಕೆಳಗಿಂದ ಗಾಳಿ ಬೇಕು. ಟಾರ್ಪಾಲ್ ಕೆಳಗಿಂದ ಯಾವ ಗಾಳಿ ಬರುತ್ತೆ?

ಹಾಲವಾಣ
ಒಗರಿನ ಬಗ್ಗೆ. ಹಣ್ಣಿನ ರಾಶಿಯ ನಾಲ್ಕೈದು ಕಡೆಯಿಂದ ಒಟ್ಟು 100 ಹಣ್ಣು ಎತ್ತಿ ಎಣಿಸಿ. ಹಸಿರು, ಅರೆಹಣ್ಣು, ಅತಿಹಣ್ಣು ಸೇರಿ ಐದಕ್ಕಿಂತ ಜಾಸ್ತಿ ಇದ್ರೆ ಮತ್ತೆ ಆರಿಸಿ. ಆಮೇಲೆ ನೀರಿನ ತೊಟ್ಟಿಗೆ ಹಾಕಿ ತೇಲಿದ್ದು ತೆಗೀರಿ. ನೆನಪಿಡಿ, ತೇಲಿಸಿದ್ರೆ ಜೊಳ್ಳು, ಕಾಯಿಕೊರಕ ತಿಂದದ್ದು, ಒಣಗಿದ್ದು ಹೋಗುತ್ತೆ. ಹಸಿರುಕಾಯಿ ಮುಳುಗುತ್ತೆ! ತೇಲಿಸಿದ್ದೀವಿ ಅಂತ ಆರಿಸೋದು ಬಿಟ್ರೆ ಒಗರು ಗ್ಯಾರಂಟಿ.

ಮತ್ತೆ 795, ಚಂದ್ರಗಿರಿ ಒಟ್ಟಿಗೆ ಪಲ್ಪ್ ಮಾಡಿದ್ರಾ?

ಮೂಡಿಗೆರೆ ಇಬ್ಬನಿ
ಹೌದು, ಒಟ್ಟಿಗೆ.

ಹಾಲವಾಣ
ಅದೂ ಒಂದು. ಚಂದ್ರಗಿರಿ ಬೀಜ ದಪ್ಪ. ಅದಕ್ಕೆ ಸರಿಯಾಗಿ ಪಲ್ಪರ್‌ನಲ್ಲಿ ಸಂದು ಬಿಟ್ರೆ 795ರ ಸಣ್ಣ ಹಣ್ಣು ಪಲ್ಪ್ ಆಗದೆ ಇಡಿಯಾಗಿ ಹೊರಗೆ ಬರುತ್ತೆ. 795ಕ್ಕೆ ಬಿಗಿ ಮಾಡಿದ್ರೆ ದಪ್ಪ ಬೀಜಕ್ಕೆ ಗಾಯ ಆಗುತ್ತೆ. ಗಾಯದ ಬೀಜಕ್ಕೆ ಹುಳಿ ನೇರ ಒಳಗೆ ಇಳಿಯುತ್ತೆ. ಬೇರೆ ಬೇರೆ ದಿನ ಕೊಯ್ಯಿಸಿ, ಬೇರೆ ಲಾಟ್ ಮಾಡಿ. ಪಲ್ಪರ್ ಶುರು ಮಾಡಿದ ಕೂಡಲೇ ಒಂದು ಬೊಗಸೆ ಹಿಡಿದು 100 ಬೀಜ ನೋಡಿ. ಗಾಯ ಎರಡು ಮೂರು ದಾಟಿದ್ರೆ ನಿಲ್ಲಿಸಿ ಸಂದು ಸರಿ ಮಾಡಿ. ಸಿಪ್ಪೆ ಕಡೆಯೂ ನೋಡಿ, ಅಲ್ಲಿ ಬೀಜ ಹೋಗ್ತಿದ್ರೆ ಗೊಬ್ಬರದ ಗುಂಡಿಗೆ ದುಡ್ಡು ಹೋಗ್ತಿದೆ ಅಂತ.

ಹಳೇ ರೈಟರ್
ಚಂದ್ರಗಿರಿಗೆ ಕಪ್ಪೇ (ಬಟ್ಟಲಲ್ಲಿ ರುಚಿ) ಇಲ್ಲ. ಕಾವೇರಿ ತಳಿ ಥರಾನೇ ಅದೂ ಕ್ಯಾಟಿಮೋರ್ ಮಿಶ್ರತಳಿ. 795 ಒಂದೇ ಕಾಫಿ.

ಹಾಲವಾಣ
ರೈಟರ್ ಸಾಹೇಬ್ರೇ, ಕ್ಯಾಟಿಮೋರ್ ಆಗಿರೋದು ಕಾವೇರಿ. ಚಂದ್ರಗಿರಿ ಸಾರ್ಚಿಮೋರ್, ವಿಲ್ಲಾ ಸಾರ್ಚಿ ಮತ್ತು ಟಿಮೋರ್ ಹೈಬ್ರಿಡ್ ಕಡೆಯದು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 2007ರಲ್ಲಿ ಬಿಡುಗಡೆ ಮಾಡಿದ್ದು. 795ರ ಬಾಡಿ ಬರಲ್ಲ, ಒಪ್ತೀನಿ. ಕಪ್ಪೇ ಇಲ್ಲ ಅನ್ನೋದು ಜಾಸ್ತಿ ಆಯ್ತು. ಬೇರೆ ಮಾಡಿ ಕಪ್ ಮಾಡಿಸಿದ್ರೆ ಗೊತ್ತಾಗುತ್ತೆ.

ಡ್ರಮ್ ಹುಡುಗ
ಎಲ್ಲರೂ ಎರಡನೇ ಪ್ರಶ್ನೆ ಹಾರಿಸಿಬಿಟ್ರಿ. ಅನ್‌ಏರೋಬಿಕ್ ಮಾಡಿ ಅಣ್ಣ. 200 ಲೀಟರ್ ನೀಲಿ ಡ್ರಮ್, ಕ್ಲಾಂಪ್ ಇರೋ ಮುಚ್ಚಳ, ಮುಚ್ಚಳಕ್ಕೆ ಏರ್‌ಲಾಕ್ (ಒಳಗಿನ ಗಾಳಿ ಹೊರಗೆ ಬಿಟ್ಟು ಹೊರಗಿನದನ್ನ ತಡೆಯೋ ನೀರಿನ ಕೊಳವೆ). 80 ಪರ್ಸೆಂಟ್ ತುಂಬಿಸಿ, ನೆರಳಲ್ಲಿಡಿ. ಪಿಎಚ್ (ಹುಳಿಯ ಅಳತೆ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ) 3.5 ಬರೋ ತನಕ ಬಿಡಿ. ವೈನ್ ಥರ ಬರುತ್ತೆ.

ಕಪ್ಪಿಂಗ್ ಚಮಚ
3.5 ಬೇಡ! 4ರ ಹತ್ತಿರ ಬಂದಾಗಲೇ ತೆಗೀರಿ, ಅದಕ್ಕಿಂತ ಕೆಳಗೆ ಇಳಿಸಿದ್ರೆ ವೈನ್ ಅಲ್ಲ, ಉಪ್ಪಿನಕಾಯಿ ಭರಣಿ. ಪಿಎಚ್ ಮೀಟರನ್ನ 4 ಮತ್ತು 7ರ ಬಫರ್ ದ್ರಾವಣದಲ್ಲಿ ಪ್ರತಿ ಲಾಟ್‌ಗೂ ಹೊಂದಿಸಿಕೊಳ್ಳಿ, ಅಗ್ಗದ ಪೆನ್ ಮೀಟರ್ ವಾರದಲ್ಲೇ ಅರ್ಧ ಪಾಯಿಂಟ್ ಸುಳ್ಳು ಹೇಳುತ್ತೆ. ಅಳೆಯೋಕೆ ಮುಚ್ಚಳ ತೆಗೆದು ತೆಗೆದು ನೋಡಿದ್ರೆ ಒಳಗೆ ಗಾಳಿ ಹೋಗುತ್ತೆ, ವಿನೆಗರ್ ಮಾಡೋ ಬ್ಯಾಕ್ಟೀರಿಯಾಗೆ ಬೇಕಿರೋದು ಆ ಗಾಳಿಯೇ. ಡ್ರಮ್ ತಳದಲ್ಲಿ ಒಂದು ನಲ್ಲಿ ಹಾಕಿಸಿ, ಅದರಿಂದ ರಸ ಹಿಡಿದು ಅಳೀರಿ. ಏರ್‌ಲಾಕ್‌ನಲ್ಲಿ ನೀರು ಒಣಗಿದೆಯಾ ದಿನಾ ನೋಡಿ.

ಗಂಟೆ ಲೆಕ್ಕ ಹಿಡಿದು ಕೂರಬೇಡಿ. ಡಿಸೆಂಬರ್ ಚಳಿಯಲ್ಲಿ 72 ಗಂಟೆ ಬೇಕಾದದ್ದು ಫೆಬ್ರವರಿಯಲ್ಲಿ 48ಕ್ಕೇ ಮುಗಿಯುತ್ತೆ. ಹಣ್ಣನ್ನ ಇಡಿಯಾಗಿ ಹಾಕಿದ್ರೆ ಒಂದು ಥರ, ಪಲ್ಪ್ ಮಾಡಿ ಹಾಕಿದ್ರೆ ಇನ್ನೊಂದು ವೇಗ.

ಹಳೇ ರೈಟರ್
ಬಾಳೆಹಣ್ಣಿನ ವಾಸನೆ, ಹಲಸಿನ ವಾಸನೆ. ಕಾಫಿ ವಾಸನೆ ಯಾವಾಗ ಬರೋದು?

ಡ್ರಮ್ ಹುಡುಗ
ಸಾರ್ ಕೊಳ್ಳೋರು ಕೇಳ್ತಾರೆ, ಅದಕ್ಕೇ ಮಾಡೋದು. ಅವರು ದುಡ್ಡು ಕೊಡ್ತಾರೆ.

ಸಕಲೇಶಪುರ 795
ಕೇಳ್ತಾರೆ, ಆದ್ರೆ ಎಷ್ಟು ಕೆಜಿ ತಗೋತೀವಿ ಅಂತ ಮೊದಲೇ ಬರೆದುಕೊಡ್ತಾರಾ? ಡ್ರಮ್ ಕಾಫಿ ಆ ಒಬ್ಬರು ಬೇಡ ಅಂದ್ರೆ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಸಂಸ್ಕರಣಾ ಕಾರ್ಖಾನೆ) ಹುಳಿ ವಾಸನೆ ಅಂತ ಕಡಿತ ಮಾಡ್ತಾರೆ. ತೊಳೆದ 795 ಯಾರಿಗಾದ್ರೂ ಮಾರಬಹುದು. ಡ್ರಮ್ ಮಾಡೋದಾದ್ರೆ ಒಂದೇ ಡ್ರಮ್, ಅದೂ ಆರ್ಡರ್ ಇದ್ರೆ.

ಇಬ್ಬನಿಯವರಿಗೆ ನನ್ನ ಸಲಹೆ: ಬರೋ ವರ್ಷ ತೊಳೆದದ್ದನ್ನ ಒಮ್ಮೆ ಸರಿಯಾಗಿ ಮಾಡಿ. ಒಣ ತೊಟ್ಟಿಯಲ್ಲಿ ಹುದುಗಿಸಿ, ನಮ್ಮ ಕಡೆ ಚಳಿಗೆ 24ರಿಂದ 36 ಗಂಟೆ. ಮುಗಿದಿದೆಯಾ ಅಂತ ನೋಡೋಕೆ ಒಂದು ಹಿಡಿ ತೊಳೆದು ಉಜ್ಜಿ, ಜಾರದೆ ಗರಗರ ಮರಳಿನ ಥರ ಸದ್ದು ಬರ್ಬೇಕು. ಅಥವಾ ರಾಶಿಗೆ ಕೋಲು ಚುಚ್ಚಿ ತೆಗೀರಿ, ತೂತು ಮುಚ್ಚಿಕೊಳ್ಳದೆ ಹಾಗೇ ನಿಂತ್ರೆ ತೊಳೆಯೋ ಹೊತ್ತು. ಆಮೇಲೆ ಮೂರು ನೀರು.

ಪೊನ್ನಂಪೇಟೆ ರೋಬಸ್ಟಾ
ನಮ್ಮ ರೋಬಸ್ಟಾಗೆ ಈ ಕೋಲಿನ ಪರೀಕ್ಷೆ ನಂಬಿ ಕೂತ್ರೆ ಮೂರು ದಿನ ಕಾಯ್ಬೇಕು. ಲೋಳೆ ದಪ್ಪ, ಗಟ್ಟಿ ಅಂಟು. ಒಂದು ರಾತ್ರಿ ಹುದುಗಿಸಿ, ವಾಷರ್‌ನಲ್ಲಿ ಉಜ್ಜಿ, ಮತ್ತೆ 12 ಗಂಟೆ ಶುದ್ಧ ನೀರಲ್ಲಿ ನೆನೆಸಿಡೋದು ವಾಸಿ. ಬಣ್ಣ ಚೆನ್ನಾಗಿ ಬರುತ್ತೆ. ಅರೇಬಿಕಾದವರು ಮಾತ್ರ ಸ್ಪೆಷಾಲಿಟಿ ಅನ್ಕೋಬೇಡಿ, ಕಾಪಿ ರಾಯಲ್ ಅಂತ ತೊಳೆದ ರೋಬಸ್ಟಾಗೆ ಬೇರೆ ದರ್ಜೆಯೇ ಇದೆ. ಸಿ×ಆರ್ (ಕಾಂಜೆನ್ಸಿಸ್, ರೋಬಸ್ಟಾ ಮಿಶ್ರತಳಿ) ಇದ್ದವರು ಅದನ್ನ ಪ್ರತ್ಯೇಕ ಇಟ್ಟು ನೋಡಿ, ಕಪ್ ಮೃದು.

ಬೆಂಗಳೂರು ಫಿಲ್ಟರ್
ತೇವಾಂಶ 12.4 ಅಂದ್ರೆ ಅಷ್ಟು ತಪ್ಪಾ? ಮಾನ್ಸೂನ್ಡ್ ಮಲಬಾರ್ ಅಂತ ಮಳೆಗಾಲದ ಗಾಳಿಗೇ ಇಡ್ತಾರಲ್ಲ?

ಕಣದ ಕಾವಲು
ಅದು ಬೇಕಂತಲೇ ಮಾಡೋದು ಸಾರ್, ಮಂಗಳೂರು ಕಡೆ ಕರಾವಳಿ ಗೋದಾಮಲ್ಲಿ. ಮೊದಲು ಚೆನ್ನಾಗಿ ಒಣಗಿಸಿ, ಸಿಪ್ಪೆ ತೆಗೆದು, ಗ್ರೇಡ್ ಮಾಡಿದ ಚೆರ್ರಿ ಕಾಫಿನ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋರಿ, ಚೀಲಕ್ಕೆ ಹಾಕಿ, ಮತ್ತೆ ಸುರಿದು, ಹೊಂಬಣ್ಣಕ್ಕೆ ಉಬ್ಬಿಸೋದು. ಅರೆಬರೆ ಒಣಗಿದ ಹನಿ ಪಾರ್ಚ್‌ಮೆಂಟ್ ಮಲೆನಾಡಿನ ಜುಲೈನಲ್ಲಿ ಮೂಲೆಲಿ ಇಟ್ರೆ ಮಾನ್ಸೂನ್ಡ್ ಆಗಲ್ಲ, ಬೂಷ್ಟು ಆಗುತ್ತೆ.

ಪಾರ್ಚ್‌ಮೆಂಟ್ 10ರಿಂದ 11ಕ್ಕೆ ಬರ್ಲಿ. ಗಾಳಿಯಾಡದ ಒಳಚೀಲ ಹಾಕಿ ಮೇಲೆ ಗೋಣಿ, ಮರದ ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ. ಪಕ್ಕದಲ್ಲಿ ಗೊಬ್ಬರ, ಡೀಸೆಲ್, ಕಾಳುಮೆಣಸು ಯಾವುದೂ ಬೇಡ. ಕಾಫಿ ಎಲ್ಲಾ ವಾಸನೆ ಹೀರುತ್ತೆ.

ಲೆಕ್ಕದ ಪುಸ್ತಕ
ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಯಾಕಂದ್ರೆ ಲೆಕ್ಕ ಬೇಸರದ್ದು. ತಗೊಳ್ಳಿ.

400 ಕೆಜಿ ಹಣ್ಣಿಗೆ ಒಣ ಪಾರ್ಚ್‌ಮೆಂಟ್ ಸುಮಾರು 80 ಕೆಜಿ. ಹಲ್ಲಿಂಗ್ (ಹೊಟ್ಟು ತೆಗೆಯೋದು) ಆದ್ಮೇಲೆ 80 ಪರ್ಸೆಂಟ್ ಔಟ್‌ಟರ್ನ್ (ಕೈಗೆ ಸಿಗೋ ಬೀಜದ ಪಾಲು) ಹಿಡಿದ್ರೆ 64 ಕೆಜಿ ಬೀಜ. ಪೀಬೆರಿ (ದುಂಡು ಒಂಟಿ ಬೀಜ), ಸಣ್ಣದು, ಗಾಯದ್ದು ಎಲ್ಲ ಆರಿಸಿದ್ರೆ ಕೈಲಿ ಉಳಿಯೋದು 52 ಕೆಜಿ. ಜಾಸ್ತಿ ಖರ್ಚು ಎಲ್ಲಾ ಈ 52ರ ಮೇಲೆ ಕೂರುತ್ತೆ, 400ರ ಮೇಲಲ್ಲ.

ಮಾಗಿದ್ದನ್ನೇ ಆರಿಸಿ ಕೊಯ್ಯೋಕೆ 4 ಆಳು ಹೆಚ್ಚು. ಕೈಯಾಡಿಸೋದು, ಮುಚ್ಚೋದು 14 ದಿನ ಅರ್ಧ ಆಳಿನಂತೆ 7. ಒಟ್ಟು 11 ಆಳು. ಕೂಲಿ 500 ಅಂತ ಇಟ್ಕೊಳ್ಳಿ (ನಿಮ್ಮೂರಿನದು ಹಾಕಿಕೊಳ್ಳಿ), 5,500. ಹಲ್ಲಿಂಗ್, ಮಾದರಿ ಕಳಿಸೋದು, ಒಳಚೀಲ ಅಂತ 1,500. ಒಟ್ಟು 7,000. ಭಾಗಿಸಿದ್ರೆ ಕೆಜಿಗೆ ಹತ್ತಿರ ಹತ್ತಿರ 135 ರೂಪಾಯಿ. ಪ್ಲಾಂಟೇಷನ್ ಎ ದರದ ಮೇಲೆ ಇಷ್ಟು ಬಂದ್ರೆ ಸಮ, ಅದರ ಮೇಲಿದ್ದರೆ ಲಾಭ. ಬೆಡ್‌ನ ಖರ್ಚು ಸೇರಿಸಿಲ್ಲ, ಮೂರು ನಾಲ್ಕು ವರ್ಷಕ್ಕೆ ಹಂಚಿಕೊಳ್ಳಿ. ಮನೆಯವರೇ ಕೈಯಾಡಿಸಿದ್ರೂ ಆ ಕೂಲಿ ಬರೀಬೇಕು, ಬಿಟ್ಟಿ ಅಂತ ಬಿಟ್ರೆ ಲೆಕ್ಕ ಸುಳ್ಳು.

ಹಳೇ ರೈಟರ್
ಇದೊಂದು ಸರಿಯಾದ ಮಾತು ಬಂತು ಈ ಚರ್ಚೆಯಲ್ಲಿ.

ಡ್ರಮ್ ಹುಡುಗ
ತೇವಾಂಶ ಮೀಟರ್ ಇಲ್ಲದವರಿಗೆ ಒಂದು ಉಪಾಯ. ಮೊದಲ ದಿನ ಒಂದು ಕೆಜಿ ಬಲೆ ಚೀಲಕ್ಕೆ ತೂಗಿ ಹಾಕಿ, ರಾಶಿ ಜೊತೆಗೇ ಒಣಗಲಿ. 530 ಗ್ರಾಂಗೆ ಇಳಿದ್ರೆ 11 ಪರ್ಸೆಂಟ್ ಬಂದಿದೆ ಅಂತ.

ಸಕಲೇಶಪುರ 795
ಅದು ತೊಳೆದ ಪಾರ್ಚ್‌ಮೆಂಟ್‌ಗೆ ಮಾತ್ರ ತಮ್ಮಾ. ನೀರು ಬಸಿದ ಮೇಲೆ ಶುರುವಿನ ತೇವ 53ರ ಹತ್ತಿರ ಇರುತ್ತೆ, 1,000 ಗ್ರಾಂನಲ್ಲಿ ಒಣ ಪದಾರ್ಥ 470, ಅದನ್ನ 0.89ರಿಂದ ಭಾಗಿಸಿದ್ರೆ 528. ಹನಿಯಲ್ಲಿ ಲೋಳೆಯ ನೀರೂ ಸೇರಿರೋದರಿಂದ 530ಕ್ಕೆ ನಿಲ್ಲಿಸಿದ್ರೆ ಇನ್ನೂ ಹಸಿ. ಇಬ್ಬನಿಯವರ ಕೇಸ್ ಹನಿ, ಅವರಿಗೆ ಮೀಟರೇ ಬೇಕು.

ಮೂಡಿಗೆರೆ ಇಬ್ಬನಿ
ಮೀಟರ್ ಇದೆ. ಆದ್ರೆ ಒಂದೇ ಕಾಫಿಗೆ ಒಮ್ಮೆ 10.8, ಒಮ್ಮೆ 12.4 ತೋರಿಸುತ್ತೆ. ಯಾವುದು ನಂಬೋದು?

ಕಣದ ಕಾವಲು
ಬಿಸಿಲಿಂದ ಎತ್ತಿ ಹಾಗೇ ಹಾಕಿದ್ರೆ ಹಾಗಾಗುತ್ತೆ. ಮಾದರಿನ ಮುಚ್ಚಿದ ಡಬ್ಬಿಲಿ ಎರಡು ಗಂಟೆ ಇಟ್ಟು ತಣ್ಣಗಾದ ಮೇಲೆ ಹಾಕಿ. ಮೀಟರ್‌ನಲ್ಲಿ ಪಾರ್ಚ್‌ಮೆಂಟ್‌ಗೆ ಬೇರೆ, ಸಿಪ್ಪೆ ತೆಗೆದ ಬೀಜಕ್ಕೆ ಬೇರೆ ಸೆಟ್ಟಿಂಗ್ ಇರುತ್ತೆ, ಅದನ್ನ ನೋಡಿ. ಕೈಯಲ್ಲಿ ಸಿಪ್ಪೆ ಸುಲಿದು ಬೀಜದ ಸೆಟ್ಟಿಂಗ್‌ನಲ್ಲೇ ಮೂರು ಸಲ ಅಳೆದು ಸರಾಸರಿ ತಗೊಳ್ಳಿ. 11 ಬಂದ್ರೂ ಚೀಲಕ್ಕೆ ತುಂಬಿ ಒಂದು ವಾರ ಬಿಟ್ಟು ಮತ್ತೆ ಅಳೀರಿ. ಒಳಗಿನ ತೇವ ಹೊರಗೆ ಬಂದು ಮತ್ತೆ ಏರಿದ್ರೆ ಇನ್ನೊಂದು ದಿನ ಬಿಸಿಲು ತೋರಿಸಿ.

ಪೊನ್ನಂಪೇಟೆ ರೋಬಸ್ಟಾ
ಪಲ್ಪಿಂಗ್ ನೀರಿನ ಬಗ್ಗೆ ಯಾರೂ ಮಾತಾಡ್ತಿಲ್ಲ. 400 ಕೆಜಿ ಅಂತ ಹಳ್ಳಕ್ಕೆ ಬಿಟ್ಟೀರಿ ಮತ್ತೆ. ಆ ನೀರು ಹುಳಿ, ಹಳ್ಳದ ಮೀನು ಸಾಯುತ್ತೆ, ಕೆಳಗಿನ ಮನೆಯವರು ಜಗಳಕ್ಕೆ ಬರ್ತಾರೆ. ಗುಂಡಿಗೆ ಬಿಟ್ಟು, ಪಿಎಚ್ 7ರ ಹತ್ತಿರ ಬರೋ ತನಕ ಸುಣ್ಣ ಹಾಕಿ. ಸಿಪ್ಪೆನ ಸಗಣಿ ಜೊತೆ ಗೊಬ್ಬರ ಮಾಡಿ, ಹಣ್ಣಿನ ತೂಕದಲ್ಲಿ 40 ಪರ್ಸೆಂಟ್ ಮೇಲೆ ಅದೇ ಇರೋದು.

ಕಪ್ಪಿಂಗ್ ಚಮಚ
ಮತ್ತೆ ಮೊದಲ ಪ್ರಶ್ನೆಗೆ ಬರ್ತೀನಿ. ಆ ಹಳೇ ಪದ್ಧತಿ ಪ್ರಕಾರ ಸ್ಪೆಷಾಲಿಟಿ ಅನ್ನಿಸಿಕೊಳ್ಳೋಕೆ 350 ಗ್ರಾಂ ಮಾದರಿಯಲ್ಲಿ ಪೂರ್ತಿ ಹುಳಿತ ಬೀಜ ಒಂದೂ ಇರಬಾರದು. ಒಂದೂ! ಚೀಲದ ಬಿಸಿ, ದಪ್ಪ ಹಾಸು, ಗಾಯದ ಬೀಜ, ಮೂರೂ ಹೇಳಿಯಾಯ್ತು. ಇನ್ನೊಂದಿದೆ, ಎಲ್ಲರೂ ಮರೆಯೋದು: ಹಿಂದಿನ ದಿನದ ಬೀಜ ಪಲ್ಪರ್ ಒಳಗೇ ಸಿಕ್ಕಿಕೊಂಡು ಮರುದಿನದ ಲಾಟ್‌ಗೆ ಉದುರೋದು. ನೀರು ಹೊಯ್ದು ತೊಳೆದ್ರೆ ಹೋಗಲ್ಲ. ಡಿಸ್ಕ್ ಹಿಂದಿನ ಪ್ಲೇಟ್‌ನ ಬೋಲ್ಟ್ ಬಿಚ್ಚಿ ನೋಡಿ. ತೊಟ್ಟಿಯ ಸಿಮೆಂಟ್ ಬಿರುಕನ್ನೂ ಬ್ರಷ್ ಹಾಕಿ ಉಜ್ಜಿ.

ಮೂಡಿಗೆರೆ ಇಬ್ಬನಿ
ಈಗ ತಾನೇ ಬಿಚ್ಚಿದೆ. ಪ್ಲೇಟ್ ಹಿಂದೆ 23 ಬೀಜ, ಕಪ್ಪಗೆ ನೀಲಿ ಬಣ್ಣಕ್ಕೆ ತಿರುಗಿವೆ.

ಕಪ್ಪಿಂಗ್ ಚಮಚ
ಒಂದನ್ನ ಉಗುರಲ್ಲಿ ಸೀಳಿ ಮೂಸಿ.

ಮೂಡಿಗೆರೆ ಇಬ್ಬನಿ
ಅಯ್ಯೋ. ಸೋಪು ಹಾಕಿ ಎರಡು ಸಲ ಕೈ ತೊಳೆದೆ, ಇನ್ನೂ ಹೋಗಿಲ್ಲ.